ಆರ್ತಧ್ಯಾನದಿಂದ ಸಾಮಾಯಿಕದೆಡೆಗೆ

ಮನಃಶಾಂತಿಗಾಗಿ ಧ್ಯಾನಶಿಬಿರಗಳೂ ಚಿಕಿತ್ಸಾಕೇಂದ್ರಗಳೂ ಇಂದು ಅನೇಕ ನಗರಗಳಲ್ಲಿ ನಡೆಯುತ್ತಿವೆ. ಅವುಗಳಿಗೆ ಹೋಗಿಬರುವವರಲ್ಲಿ ಶ್ರಾವಕ-ಶ್ರಾವಿಕೆಯರೂ ಇದ್ದಾರೆ. ಇದು ದೋಷವಲ್ಲ. ಆದರೆ ಮನದ ಕ್ಲೇಶಕ್ಕೆ ಜೈನಾಚಾರ್ಯರು ಕಂಡುಕೊಂಡ ಕಾರಣವನ್ನೂ ವಿಧಿಸಿದ ಉಪಾಯವನ್ನೂ ಮರೆಯುವುದು ಮಾತ್ರ ನಷ್ಟವೇ ಸರಿ.

ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು 4 ಬಗೆಯಾಗಿ ವಿಂಗಡಿಸುತ್ತದೆ. ಚಿಂತೆಯೂ ಒಂದು ಧ್ಯಾನವೇ ಎಂಬುದು ಇಲ್ಲಿಯ ವಿಶೇಷ. ಬೇಡವಾದುದು ಬಂದೊದಗಿದಾಗ, ಪ್ರಿಯವಾದುದು ಅಗಲಿದಾಗ, ದೇಹವು ನೋಯುವಾಗ, ಮುಂದಿನ ಭೋಗಕ್ಕೆ ಹಂಬಲಿಸುವಾಗ ಮನಸ್ಸು ಅದೊಂದನ್ನೇ ಮೆಲುಕು ಹಾಕುವುದು ಆರ್ತಧ್ಯಾನ. ಹಿಂಸೆ, ಅಸತ್ಯ, ಕಳವು ಹಾಗೂ ವಿಷಯಸಂರಕ್ಷಣೆಯಲ್ಲಿ ತೊಡಗುವುದು ರೌದ್ರಧ್ಯಾನ. ಗಳಿಸಿದುದನ್ನು ಕಾಯುವ ತಳಮಳವನ್ನು ಆಚಾರ್ಯರು ಹಿಂಸೆಯ ಪಂಕ್ತಿಯಲ್ಲಿಯೇ ಇರಿಸಿದುದು ವ್ಯಾಪಾರಿ ಸಮಾಜವು ಮನನ ಮಾಡಬೇಕಾದ ಸಂಗತಿ.

ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆಯನ್ನು ರಚಿಸಿದ ಪೂಜ್ಯಪಾದಾಚಾರ್ಯರು, ತಮ್ಮ ಸಮಾಧಿತಂತ್ರದಲ್ಲಿ ದೇಹವನ್ನೇ ಆತ್ಮವೆಂದು ಬಗೆಯುವ ಭ್ರಾಂತಿಯೇ ದುಃಖದ ಮೂಲವೆಂದು ತೋರಿಸಿದರು. ಗೃಹಸ್ಥರಿಗೆ ವಿಹಿತವಾದ ಉಪಾಯ ಸರಳವಾಗಿತ್ತು: ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಸಾಮಾಯಿಕ, ಮಾಡಿದ ತಪ್ಪನ್ನು ನೆನೆದು ಹಿಂದಿರುಗುವ ಪ್ರತಿಕ್ರಮಣ, ದೇಹದ ಮಮತೆಯನ್ನು ಬಿಡುವ ಕಾಯೋತ್ಸರ್ಗ. ಪಂಚನಮಸ್ಕಾರ ಮಂತ್ರವೊಂದಕ್ಕೆ 3 ಉಸಿರುಗಳಂತೆ, 9 ಬಾರಿ ಜಪಿಸಿದರೆ 27 ಉಸಿರುಗಳಾಗುತ್ತವೆ. ಉಸಿರಿನ ಮೇಲೆ ಗಮನವಿರಿಸುವ ಕ್ರಮ ಜೈನರಿಗೆ ಹೊಸದಲ್ಲ. ಆದರೂ 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ, ಬಲವಂತದ ಪ್ರಾಣಾಯಾಮದಿಂದ ಮನಸ್ಸು ಇನ್ನಷ್ಟು ಕ್ಷೋಭೆಗೊಳ್ಳುವುದೆಂದು ಎಚ್ಚರಿಸಿದ್ದಾರೆ.

ಹಾಗೆಂದು ವೈದ್ಯವನ್ನು ಜೈನರು ಕಡೆಗಣಿಸಲಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ-ಮಾಂಸಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು ಕಲ್ಯಾಣಕಾರಕದಲ್ಲಿ ನಿರೂಪಿಸಿದರು. ರೋಗಕ್ಕೆ ಔಷಧ ಬೇಕು. ಆ ಔಷಧದಲ್ಲಿಯೂ ಅಹಿಂಸೆ ಇರಬೇಕು ಎಂಬುದು ಅವರ ನಿಲುವು. ತೀವ್ರ ಖಿನ್ನತೆಯಿಂದ ಬಳಲುವವರನ್ನು ಕರ್ಮಫಲವೆಂದು ಹೇಳಿ ಮನೆಯಲ್ಲಿಯೇ ಕೂಡಿಸದೆ ವೈದ್ಯರ ಬಳಿಗೆ ಕರೆದೊಯ್ಯುವುದು ಈ ಪರಂಪರೆಗೆ ಒಪ್ಪುವ ನಡೆಯೇ ಆಗಿದೆ.

ಆಧುನಿಕ ಕಾಲದಲ್ಲಿ ಶ್ವೇತಾಂಬರ ತೇರಾಪಂಥದ ಆಚಾರ್ಯ ತುಲಸಿಯವರು 1949ರಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದರು. ಅವರ ಶಿಷ್ಯರೂ ಮುಂದೆ ಆಚಾರ್ಯ ಮಹಾಪ್ರಜ್ಞರೆಂದು ಪ್ರಸಿದ್ಧರೂ ಆದ ಮುನಿ ನಥಮಲರು ರೂಪಿಸಿದ ಪ್ರೇಕ್ಷಾಧ್ಯಾನವು 1975ರಲ್ಲಿ ಆ ಹೆಸರನ್ನು ಪಡೆಯಿತು. ಕಾಯೋತ್ಸರ್ಗ, ಶ್ವಾಸಪ್ರೇಕ್ಷೆ, ಅನುಪ್ರೇಕ್ಷೆಗಳು ಅದರ ಅಂಗಗಳು. ಮೊದಲು ವ್ರತ, ಅನಂತರ ಧ್ಯಾನ ಎಂಬ ಈ ಅನುಕ್ರಮ ಗಮನಾರ್ಹವಾದುದು.

ತೂಕದಲ್ಲಿ ವಂಚಿಸಿದವನ ಮನಸ್ಸು ಕಣ್ಣು ಮುಚ್ಚಿದೊಡನೆ ತಕ್ಕಡಿಯನ್ನೇ ಕಾಣುತ್ತದೆ. ಆಸ್ತಿಗಾಗಿ ಒಡಹುಟ್ಟಿದವನೊಡನೆ ಮಾತು ಬಿಟ್ಟವನಿಗೆ ಯಾವ ಶಿಬಿರವೂ ನಿದ್ರೆಯನ್ನು ತರಲಾರದು. ಬಸದಿಗಳ ಆಡಳಿತ ಮಂಡಳಿಗಳು ವಾರಕ್ಕೊಂದು ಮುಹೂರ್ತವಾದರೂ ಸಾಮೂಹಿಕ ಸಾಮಾಯಿಕಕ್ಕೆ ಮೀಸಲಿಟ್ಟರೆ ಒಳಿತು. ಅಲ್ಲಿಗೆ ಬರುವವರು ಕ್ಷಮೆ ಕೇಳಬೇಕಾದವರ ಮನೆಯ ಬಾಗಿಲಿಗೆ ಮೊದಲು ಹೋಗಿಬಂದರೆ ಅದು ಇನ್ನೂ ಒಳಿತು.