ಸಲೈನ್ ಬಾಟಲಿಯ ಎರಡು ಶತಮಾನ

ಏಪ್ರಿಲ್ ಬಂತೆಂದರೆ ಹೊಸಪೇಟೆಯ ಕ್ಲಿನಿಕ್ಕುಗಳಲ್ಲಿ ‘ಒಂದು ಗ್ಲೂಕೋಸ್ ಹಾಕಿಬಿಡ್ರಿ ಡಾಕ್ಟ್ರೇ’ ಎಂಬ ಬೇಡಿಕೆ ಏರುತ್ತದೆ. ಸಂಡೂರಿನ ಗಣಿಯಲ್ಲಿ ಬೆವರಿಳಿಸಿದವರಿರಲಿ, ಕಂಪ್ಲಿಯ ಕಬ್ಬಿನ ಹೊಲದಲ್ಲಿ ದುಡಿದವರಿರಲಿ, ಹಂಪಿಯ ಬಂಡೆಗಳ ನಡುವೆ ಸುತ್ತಿ ಸುಸ್ತಾದ ಪ್ರವಾಸಿಗರಿರಲಿ, ಬಾಟಲಿ ಏರಿದರೆ ಶಕ್ತಿ ಬಂತೆಂದೇ ನಂಬಿಕೆ. 500 ಮಿ.ಲೀ. ಡೆಕ್ಸ್‌ಟ್ರೋಸ್ 5 ಪರ್ಸೆಂಟ್‌ನಲ್ಲಿ ಇರುವುದು 25 ಗ್ರಾಂ ಸಕ್ಕರೆ. ನೂರು ಕ್ಯಾಲೊರಿಯೂ ಆಗುವುದಿಲ್ಲ. ಒಂದು ಲೋಟ ಬೆಲ್ಲದ ಪಾನಕ ಅಷ್ಟನ್ನು ಸೂಜಿ ಇಲ್ಲದೆ ಕೊಡುತ್ತದೆ.

ಆದರೆ ಸಾಯುವವರನ್ನು ಎಬ್ಬಿಸಿ ಕೂರಿಸಿದ್ದೂ ಇಂಥ ಬಾಟಲಿಯೇ. 1831ರಲ್ಲಿ ಬ್ರಿಟನ್ನಿಗೆ ಕಾಲರಾ ಬಂದಾಗ ವಿಲಿಯಂ ಓಶಾನೆಸಿ ಎಂಬ ಯುವ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ಅದರಿಂದ ನೀರೂ ಉಪ್ಪೂ ಬಸಿದುಹೋಗಿವೆ ಎಂದು ತೋರಿಸಿದ. ಕಳೆದುಹೋದದ್ದನ್ನು ರಕ್ತನಾಳದ ಮೂಲಕವೇ ಮರಳಿಸಲು 1832ರಲ್ಲಿ ಮುಂದಾದವನು ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ. ಅವನ ಮೊದಲ ರೋಗಿ, ನಾಡಿಯೇ ಸಿಗದ ಒಬ್ಬ ಮುದುಕಿ, ಆರು ಪೈಂಟ್ ಉಪ್ಪುನೀರು ಒಳಗೆ ಹೋಗುತ್ತಲೇ ಚೇತರಿಸಿಕೊಂಡಳು. ದಣಿದಿದ್ದ ಲಟ್ಟಾ ಅವಳನ್ನು ಆಸ್ಪತ್ರೆಯ ವೈದ್ಯನಿಗೆ ಒಪ್ಪಿಸಿ ಹೊರಟ. ವಾಂತಿಭೇದಿ ಮತ್ತೆ ಶುರುವಾಯಿತು, ಮತ್ತೆ ದ್ರವ ಕೊಟ್ಟವರಿಲ್ಲ. ಐದೂವರೆ ಗಂಟೆಯಲ್ಲಿ ತೀರಿಕೊಂಡಳು. ನನಗೆ ಇದು ಔಷಧದ ಸೋಲಾಗಿ ಕಾಣುವುದಿಲ್ಲ. ಪಕ್ಕದಲ್ಲಿ ಕೂತು ನೋಡುವವರು ಇರಲಿಲ್ಲ, ಅಷ್ಟೆ.

ಅಲ್ಲಿಂದ ಮುಂದೆ ದ್ರವದ ಹದ ಸುಧಾರಿಸಿತು. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್, ಕಪ್ಪೆಯ ಹೃದಯ ಬಡಿಯುತ್ತಿರಲು ಸೋಡಿಯಂ ಒಂದೇ ಸಾಲದು, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ಬೇಕೆಂದು ಕಂಡುಕೊಂಡ. ಅದಕ್ಕೆ ಲ್ಯಾಕ್ಟೇಟ್ ಸೇರಿಸಿದವನು ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್, 1930ರ ದಶಕದಲ್ಲಿ. ಇಂದು ವಾರ್ಡಿನಲ್ಲಿ ‘ಆರ್‌ಎಲ್’ ಎನ್ನುವುದು ಅದಕ್ಕೇ. ಇನ್ನೊಂದು ಕಾಟವಿತ್ತು: ಡ್ರಿಪ್ ಕೊಟ್ಟ ಮೇಲೆ ಚಳಿಜ್ವರ. ಬಟ್ಟಿ ಇಳಿಸಿದ ನೀರಿನಲ್ಲಿ ಉಳಿದ ಬ್ಯಾಕ್ಟೀರಿಯಾದ ವಿಷವೇ ಇದಕ್ಕೆ ಕಾರಣವೆಂದು 1920ರ ದಶಕದಲ್ಲಿ ತೋರಿಸಿದವರು ಫ್ಲಾರೆನ್ಸ್ ಸೀಬರ್ಟ್.

ಯಾವ ಬಾಟಲಿ ಯಾರಿಗೆ? ಎನ್‌ಎಸ್‌ನ (ನಾರ್ಮಲ್ ಸಲೈನ್) ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪು. ರಕ್ತ ಏರಿಸುವ ಸೆಟ್ಟಿನ ಜೊತೆ ಹೋಗಬೇಕಾದ್ದು ಇದೇ; ಆರ್‌ಎಲ್‌ನ ಕ್ಯಾಲ್ಸಿಯಂ ರಕ್ತವನ್ನು ಹೆಪ್ಪುಗಟ್ಟಿಸೀತು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಬಂದವರಿಗೆ ಆಂಟಿವೆನಮ್ ಬೆರೆಸಿ ಕೊಡುವುದೂ ಸಾಮಾನ್ಯವಾಗಿ ಎನ್‌ಎಸ್‌ನಲ್ಲೇ. ವಾಂತಿಭೇದಿಗೆ, ಸುಟ್ಟಗಾಯಕ್ಕೆ, ಹೆರಿಗೆಯ ರಕ್ತಸ್ರಾವದ ಮೊದಲ ಗಳಿಗೆಗೆ ಆರ್‌ಎಲ್. ಅದಿರು ಲಾರಿಗೆ ಸಿಕ್ಕಿ ತಲೆಗೆ ಪೆಟ್ಟಾದವರಿಗೆ ಬರೀ ಡೆಕ್ಸ್‌ಟ್ರೋಸ್ ಬೇಡ: ಸಕ್ಕರೆ ಖರ್ಚಾಗಿ ಉಳಿಯುವ ನೀರು ಮಿದುಳನ್ನು ಊದಿಸುತ್ತದೆ. ವೇಗದ ಲೆಕ್ಕ ಸಿಸ್ಟರ್‌ಗಳಿಗೆ ಬಾಯಿಪಾಠ: ಮಿ.ಲೀ.ಗೆ 20 ಹನಿಯ ಸೆಟ್ಟಿನಲ್ಲಿ 500 ಮಿ.ಲೀ. ಎಂಟು ಗಂಟೆಗೆ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು 21 ಹನಿ. ಪೊಟ್ಯಾಸಿಯಂ ಕ್ಲೋರೈಡನ್ನು ಸಿರಿಂಜಿನಿಂದ ನೇರ ತಳ್ಳಿದರೆ ಹೃದಯ ನಿಲ್ಲುತ್ತದೆ. ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿಯೇ ಕೊಡಬೇಕು.

ಈ ಶತಮಾನ ಕಲಿಸಿದ್ದು ಕೈ ಬಿಗಿಹಿಡಿಯುವುದನ್ನು. 2011ರಲ್ಲಿ ಪೂರ್ವ ಆಫ್ರಿಕಾದ 3,141 ಮಕ್ಕಳ ಅಧ್ಯಯನ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು: ಜ್ವರದಿಂದ ಶಾಕ್‌ಗೆ ಹೋದವರಿಗೆ ದ್ರವವನ್ನು ಒಮ್ಮೆಲೇ ಸುರಿದ ಗುಂಪುಗಳಲ್ಲೇ 48 ಗಂಟೆಯೊಳಗೆ ಸತ್ತವರು ಹೆಚ್ಚು. ಬಲು ದುಬಾರಿಯಾಗಿದ್ದ ಸ್ಟಾರ್ಚ್ ದ್ರವಗಳು ಕಿಡ್ನಿಗೆ ಕೆಡುಕೆಂದು 2012ರ ಅಧ್ಯಯನಗಳು ಹೇಳಿದವು. ಡೆಂಗಿ ವಾರ್ಡಿನಲ್ಲಿ ನರ್ಸ್ ಗಂಟೆಗೊಮ್ಮೆ ನಾಡಿ, ಬಿಪಿ, ಮೂತ್ರದ ಪ್ರಮಾಣ ನೋಡುವುದಕ್ಕೂ ಇದೇ ಕಾರಣ: ಕಡಿಮೆಯಾದರೆ ಶಾಕ್, ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು. ಕುಡಿಯಬಲ್ಲವರಿಗೆ ಸೂಜಿಯೇ ಬೇಡವೆಂದು ಇದಕ್ಕೂ ಮೊದಲೇ, 1971ರಲ್ಲಿ, ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಓಆರ್‌ಎಸ್‌ನಿಂದ ತೋರಿಸಿಕೊಟ್ಟದ್ದು ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆಯೆಂದು ನನ್ನ ಎಣಿಕೆ.

ಹೀಗೆ ಹದ, ವೇಗ, ಪ್ರಮಾಣ ಎಲ್ಲ ತಿಳಿದ ಮೇಲೂ 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಕಿಡ್ನಿ ಮತ್ತಿತರ ಅಂಗಗಳು ಕೈಕೊಟ್ಟು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಒಟ್ಟು ಐವರು. ಸಂಶಯ ಬಿದ್ದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ಆರ್‌ಎಲ್ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಸಂಡೂರು, ಕಂಪ್ಲಿ ಇರುವುದು ಅದೇ ಜಿಲ್ಲೆಯಲ್ಲಿ. ಹೊಸಪೇಟೆಯೂ 2021ರವರೆಗೆ ಅಲ್ಲೇ ಇತ್ತು.

ಬಾಟಲಿಯೊಳಗಿನ ವಿಷವನ್ನು ಕಣ್ಣಿನಿಂದ ಪತ್ತೆಹಚ್ಚಲಾಗದು. ಆ ಹೊಣೆ ಪ್ರಯೋಗಾಲಯದ್ದು, ಖರೀದಿ ಮಾಡುವವರದ್ದು. ವಾರ್ಡಿನಲ್ಲಿ ಆಗಬಹುದಾದದ್ದು ಇಷ್ಟು: ಬೆಳಕಿಗೆ ಹಿಡಿದು ಕಸರು, ಹಿಂಡಿ ಸೋರಿಕೆ ನೋಡುವುದು, ಬ್ಯಾಚ್ ನಂಬರನ್ನು ಕೇಸ್‌ಶೀಟಿನಲ್ಲಿ ಬರೆಯುವುದು. ರೋಗಿ ನಡುಗತೊಡಗಿದರೆ ಕೂಡಲೇ ಕ್ಲಾಂಪ್ ಮುಚ್ಚಿ ಡಾಕ್ಟರನ್ನು ಕರೆಸುವುದು. ಅರ್ಧ ಉಳಿದ ಬಾಟಲಿಯನ್ನೂ ಸೆಟ್ಟನ್ನೂ ಕಸಕ್ಕೆ ಹಾಕದೆ, ಪರೀಕ್ಷೆಗೆ ಕಳಿಸುವವರೆಗೆ ಚೀಟಿ ಅಂಟಿಸಿ ತೆಗೆದಿಡುವುದು.