ವಿದ್ಯಾರ್ಥಿಗಳ ಮೇಲೆ ಧ್ಯಾನದ ಪರಿಣಾಮ

ಮನಸ್ಸನ್ನು ಉಸಿರು, ನಾದ, ರೂಪ ಮುಂತಾದ ಒಂದು ಆಲಂಬನದಲ್ಲಿ ನಿಲ್ಲಿಸುವ, ಇಲ್ಲವೆ ಬಂದುಹೋಗುವ ಯೋಚನೆಗಳನ್ನು ತಡೆಯದೆ ಗಮನಿಸುವ ಅಭ್ಯಾಸವೇ ಧ್ಯಾನ. ಪತಂಜಲಿಯ ಅಷ್ಟಾಂಗ ಯೋಗದಲ್ಲಿ ಧಾರಣೆ ಆರನೆಯದು, ಧ್ಯಾನ ಏಳನೆಯದು. ಬೌದ್ಧ ಸಾಧನೆಗಳಿಂದ ಪ್ರೇರಿತವಾದ ‘ಮೈಂಡ್‌ಫುಲ್‌ನೆಸ್’ ಕ್ರಮವನ್ನು ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೋಗಿಗಳಿಗಾಗಿ ಆರಂಭಿಸಿದರು; ಮುಂದೆ ಅದು ಶಾಲೆ, ಕಾಲೇಜುಗಳಿಗೂ ಬಂತು. ಕರ್ನಾಟಕದಲ್ಲಿ 2022ರ ನವೆಂಬರ್‌ನಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಅವರು ಶಾಲೆಗಳಲ್ಲೂ ಪಿಯು ಕಾಲೇಜುಗಳಲ್ಲೂ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸಲು ಸೂಚಿಸಿದಾಗ ಪರ, ವಿರೋಧ ಎರಡೂ ಕೇಳಿಬಂದವು. ಈವರೆಗಿನ ಸಂಶೋಧನೆಯನ್ನು ಒಟ್ಟಾಗಿ ನೋಡಿದರೆ, ಗಮನಶಕ್ತಿ ಹೆಚ್ಚಿಸುವಲ್ಲೂ ಪರೀಕ್ಷೆಯ ಒತ್ತಡ ತಗ್ಗಿಸುವಲ್ಲೂ ಧ್ಯಾನದಿಂದ ಮಿತವಾದ ಪ್ರಯೋಜನವಿದೆ. ಆದರೆ ಅದನ್ನು ಇಡೀ ತರಗತಿಗೆ ಕಡ್ಡಾಯ ಮಾಡಲು ಬೇಕಾದ ಆಧಾರವಿಲ್ಲ.

ಪ್ರಯೋಜನದ ಪುರಾವೆ ನಮ್ಮಲ್ಲೇ ಇದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದಲ್ಲಿ ಶರ್ಲಿ ಟೆಲ್ಲೆಸ್ ಮತ್ತು ಸಂಗಡಿಗರು, ಆಸನಗಳ ನಡುವೆ ವಿಶ್ರಾಂತಿಯನ್ನು ಹೆಣೆದ ‘ಆವರ್ತನ ಧ್ಯಾನ’ವನ್ನು ಪರೀಕ್ಷಿಸಿದರು. ಹಾಳೆಯ ತುಂಬ ಇರುವ ಅಕ್ಷರಗಳಲ್ಲಿ ಗೊತ್ತುಮಾಡಿದವನ್ನಷ್ಟೇ ಹುಡುಕಿ ಹೊಡೆದುಹಾಕುವ ಪರೀಕ್ಷೆಯಲ್ಲಿ, ಸುಮ್ಮನೆ ಅಂಗಾತ ಮಲಗಿ ವಿಶ್ರಮಿಸಿದ ನಂತರಕ್ಕಿಂತ ಈ ಧ್ಯಾನದ ನಂತರ ಅಂಕಗಳು ಹೆಚ್ಚು ಏರಿದವು. ಆದರೆ ಇದು ಅಭ್ಯಾಸವಾದ ಕೂಡಲೇ ಅಳೆದ ಫಲ. ವರ್ಷವಿಡೀ ಉಳಿಯುವ ಕಲಿಕೆಯ ಲೆಕ್ಕವಲ್ಲ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 48 ವಿದ್ಯಾರ್ಥಿಗಳ ಅಧ್ಯಯನ (2013) ಒಂದು ಹೆಜ್ಜೆ ಮುಂದೆ ಹೋಯಿತು: ಎರಡು ವಾರ ಧ್ಯಾನ ಕಲಿತವರು, ಪೌಷ್ಟಿಕತೆಯ ಪಾಠ ಕೇಳಿದವರಿಗಿಂತ ಓದಿನ ಗ್ರಹಿಕೆಯಲ್ಲೂ ಕಾರ್ಯಸ್ಮರಣೆಯಲ್ಲೂ (ಕೆಲಸದ ಹೊತ್ತಿಗೆ ಬೇಕಾದದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ) ಮುಂದಿದ್ದರು. ಮನಸ್ಸು ಅಲೆಯುವುದು ಕಡಿಮೆಯಾದದ್ದೇ ಈ ಸುಧಾರಣೆಗೆ ದಾರಿಯೆಂದು ಸಂಶೋಧಕರು ತೋರಿಸಿದರು. ಅಂದರೆ ಧ್ಯಾನ ಬುದ್ಧಿಯನ್ನು ಬೆಳೆಸುವುದಕ್ಕಿಂತ ಹೆಚ್ಚಾಗಿ, ಇರುವ ಬುದ್ಧಿ ಚದುರದಂತೆ ಕಾಯುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ 616 ವಿದ್ಯಾರ್ಥಿಗಳ ಪ್ರಯೋಗದಲ್ಲೂ (2018) ಎಂಟು ವಾರಗಳ ಮೈಂಡ್‌ಫುಲ್‌ನೆಸ್ ತರಬೇತಿ ಪಡೆದವರಿಗೆ ಪರೀಕ್ಷಾಕಾಲದ ಮಾನಸಿಕ ಯಾತನೆ ಕಡಿಮೆಯಿತ್ತು.

ಈ ಪುರಾವೆಗೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು, ಫಲ ಧ್ಯಾನದ್ದೋ ಅಥವಾ ಕ್ರಮಬದ್ಧವಾದ ಯಾವುದೇ ಚಟುವಟಿಕೆಯದ್ದೋ ಎಂಬುದು. ಟೆಲ್ಲೆಸ್ ಅವರ ತಂಡವೇ 2013ರಲ್ಲಿ 98 ಶಾಲಾಮಕ್ಕಳನ್ನು ಯೋಗ ಮತ್ತು ವ್ಯಾಯಾಮದ ಗುಂಪುಗಳಾಗಿ ವಿಂಗಡಿಸಿ ನೋಡಿದಾಗ ಎರಡೂ ಗುಂಪುಗಳು ಸುಧಾರಿಸಿದವು. 47 ಪ್ರಯೋಗಗಳನ್ನು ಪರಿಶೀಲಿಸಿದ 2014ರ ಅಮೆರಿಕದ ಸಮೀಕ್ಷೆಯೊಂದು ಧ್ಯಾನದಿಂದ ವಯಸ್ಕರ ಆತಂಕ, ಖಿನ್ನತೆಗಳು ತಗ್ಗುತ್ತವೆ ಎಂಬುದಕ್ಕೆ ಮಧ್ಯಮ ಮಟ್ಟದ ಪುರಾವೆ ಕಂಡಿತು. ವ್ಯಾಯಾಮದಂಥ ಇತರ ಉಪಾಯಗಳಿಗಿಂತ ಧ್ಯಾನ ಮೇಲೆಂಬುದಕ್ಕೆ ಪುರಾವೆ ಕಾಣಲಿಲ್ಲ. ಎರಡನೆಯದು ಇನ್ನೂ ತೂಕದ್ದು. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ, 11ರಿಂದ 13 ವರ್ಷದ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ‘ಮಿರಿಯಡ್’ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು: ಶಿಕ್ಷಕರು ತರಗತಿಗೆಲ್ಲ ಕಲಿಸಿದ ಮೈಂಡ್‌ಫುಲ್‌ನೆಸ್ ಎಂದಿನ ಪಾಠಕ್ಕಿಂತ ಮೇಲೆನಿಸಲಿಲ್ಲ, ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಇದು ಕೇಂಬ್ರಿಡ್ಜಿನ ಫಲಿತಾಂಶವನ್ನು ಸುಳ್ಳಾಗಿಸುವುದಿಲ್ಲ. ಅಲ್ಲಿ ತಾವಾಗಿ ಬಯಸಿ ಬಂದ ಯುವಜನರಿದ್ದರು, ಇಲ್ಲಿ ಎಲ್ಲರಿಗೂ ಒಂದೇ ಪಾಠವಿತ್ತು. ವಯಸ್ಸು ಮತ್ತು ಇಚ್ಛೆ ಎರಡೂ ಫಲವನ್ನು ಬದಲಿಸುತ್ತವೆ ಎಂದು ಓದುವುದೇ ಸರಿ.

ಕಲಿಕೆಯ ಕೊರತೆಗೆಲ್ಲ ಧ್ಯಾನ ಪರಿಹಾರವೂ ಅಲ್ಲ. ಕೇರಳದ ವಯನಾಡಿನ ಬೇಗೂರಿನಂಥ ಕಾಡಂಚಿನ ಊರುಗಳಲ್ಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರಂಥ ಸಮುದಾಯಗಳ ಮಕ್ಕಳಿಗೆ ಮನೆಮಾತಿಗೂ ಪಾಠದ ಮಾತಿಗೂ ಇರುವ ಅಂತರವೇ ದೊಡ್ಡ ತೊಡಕು. ಅದನ್ನು ಕಣ್ಣುಮುಚ್ಚಿ ಕುಳಿತು ದಾಟಲಾಗದು. ಅವರ ನುಡಿ ಬಲ್ಲ ಶಿಕ್ಷಕರೇ ಬೇಕು. ಮನಸ್ಸಿಗೆ ಆಘಾತವಾದ ಮಕ್ಕಳಲ್ಲಿ ಧ್ಯಾನ ಕಳವಳವನ್ನು ಹೆಚ್ಚಿಸಬಹುದಾದ್ದರಿಂದ ಅವರಿಗೆ ಮೊದಲು ಆಪ್ತಸಮಾಲೋಚನೆ ಸಿಗಬೇಕು. ಧ್ಯಾನಕ್ಕೆ ಶಾಲೆಯಲ್ಲಿ ಜಾಗವಿರಲಿ. ಆದರೆ ಅದು ಮತಾಚರಣೆಯ ಸೋಂಕಿಲ್ಲದೆ, ತರಬೇತಾದ ಶಿಕ್ಷಕರ ಕೈಯಲ್ಲಿ, ಮಕ್ಕಳ ಇಚ್ಛೆಯಂತೆ ನಡೆಯಬೇಕು. ಆಟ, ನಿದ್ದೆ ಮತ್ತು ಒಳ್ಳೆಯ ಪಾಠದ ಸಮಯವನ್ನು ಕಸಿಯಬಾರದು.