ಹನ್ನೆರಡು ವರ್ಷದ ಹೂವು, ಅದನ್ನು ಹಿಡಿಯಹೊರಟ ಕ್ಯಾಮೆರಾ

ಏಲೂರಿಗೆ ಕೆಲಸಕ್ಕೆ ಬಂದಾಗಿನಿಂದ ಊರಿನ ಗೆಳೆಯರದು ಒಂದೇ ಪ್ರಶ್ನೆ: ‘ಮುನ್ನಾರ್ ಹತ್ತಿರವೇ ಇದೆಯಲ್ಲ, ಶರತ್ಕಾಲದ ಬೆಟ್ಟದ ಫೋಟೊ ತೆಗೆದೆಯಾ?’ ಅವರ ಮನಸ್ಸಿನಲ್ಲಿರುವುದು ಕ್ಯಾಲೆಂಡರಿನ ಕಾಶ್ಮೀರ, ಕೆಂಪಾದ ಚಿನಾರ್ ಎಲೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಮಳೆ ಇಳಿಯುವ ಹೊತ್ತಿಗೆ ಗುಡ್ಡ ಹಸಿರಾಗಿಯೇ ಇರುತ್ತದೆ. ಆದರೆ ಹನ್ನೆರಡು ವರ್ಷಕ್ಕೊಮ್ಮೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಎತ್ತರದ ಹುಲ್ಲುಗಾವಲು ನೀಲಿಯಾಗುತ್ತದೆ. ಅದು ನೀಲಕುರಿಂಜಿ. ನಮ್ಮ ಕಡೆ ಗುರಿಗೆ ಎಂದೂ ಕರೆಯುತ್ತಾರೆ.

ಈ ಗಿಡ ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಬೆಟ್ಟದ ಗಿಡಗಳೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಒಣಗುತ್ತವೆ. ಘಟ್ಟದ ಪಳಿಯರು ಇದರ ಲೆಕ್ಕದಲ್ಲೇ ವಯಸ್ಸು ಎಣಿಸುತ್ತಿದ್ದರಂತೆ. ಹೂ ಅರಳಿದ ವರ್ಷಗಳ ದಾಖಲೆ 1838ರಿಂದ ಸಿಗುತ್ತದೆ. ಆ ಪಟ್ಟಿಯ ಪಕ್ಕದಲ್ಲಿ ಫೋಟೊಗ್ರಫಿಯ ಇತಿಹಾಸವನ್ನು ಇಟ್ಟು ನೋಡಿದಾಗ ನನಗೆ ಕಂಡದ್ದು ಎರಡು ಪಂಚಾಂಗಗಳ ಕಣ್ಣಾಮುಚ್ಚಾಲೆ.

1838ರಲ್ಲಿ ಬೆಟ್ಟ ಅರಳಿತು. ದಾಗೇರ್ ತನ್ನ ಚಿತ್ರವಿಧಾನವನ್ನು ಪ್ಯಾರಿಸ್‌ನಲ್ಲಿ ಬಹಿರಂಗಪಡಿಸಿದ್ದು 1839ರಲ್ಲಿ. ಒಂದು ವರ್ಷ ತಡ. ಮುಂದೆ 1862, 1874ರ ಹೂಗಾಲಗಳ ಹೊತ್ತಿಗೆ ಗಾಜಿನ ಪ್ಲೇಟುಗಳು ಬಂದಿದ್ದವು. ಆದರೆ ಅಂದಿನ ಸಾಮಾನ್ಯ ಪ್ಲೇಟು ನೀಲಿ ಬೆಳಕಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿತ್ತು. ಹಾಗಾಗಿ ಚಿತ್ರದಲ್ಲಿ ನೀಲಿ ಬೆಳ್ಳಗೆ, ಕೆಂಪು ಕಪ್ಪಗೆ. ಅರಳಿದ ಬೆಟ್ಟದ ಎದುರು ಅಂಥ ಕ್ಯಾಮೆರಾ ನಿಲ್ಲಿಸಿದರೆ ಸಿಗುವುದು ಮಾಸಲು ಗುಡ್ಡ. 1934ರಲ್ಲಿ ಮತ್ತೆ ಹೂ. ಕೊಡಾಕ್ರೋಮ್ ಫಿಲ್ಮು ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಮತ್ತೆ ಒಂದು ವರ್ಷ ತಡ! ಬಣ್ಣದ ಫಿಲ್ಮು ಬಂದ ಮೇಲೂ ಪೇಚು ತಪ್ಪಲಿಲ್ಲ. ಕೆಲವು ನೀಲಿ ಹೂಗಳು ನಮ್ಮ ಕಣ್ಣು ಅಷ್ಟಾಗಿ ಗುರುತಿಸದ ಕಡುಗೆಂಪು ಬೆಳಕನ್ನೂ ಹೊಮ್ಮಿಸುತ್ತವೆ. ಫಿಲ್ಮು ಅದನ್ನು ಹಿಡಿದು ಹೂವನ್ನು ಗುಲಾಬಿ ಮಾಡಿಬಿಡುತ್ತಿತ್ತು.

2006ರ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಆ ವರ್ಷ ಅಂಚೆ ಇಲಾಖೆ ಕುರಿಂಜಿಯ ಅಂಚೆಚೀಟಿ ತಂದಿತು. ಕೇರಳ ಸರ್ಕಾರ ವಟ್ಟವಡ ಭಾಗದಲ್ಲಿ ಸುಮಾರು 3200 ಹೆಕ್ಟೇರಿನ ಕುರಿಂಜಿಮಲ ಅಭಯಾರಣ್ಯ ಘೋಷಿಸಿತು. ಅದರ ಹಿಂದೆ ವರ್ಷಗಳ ಕೂಗಿತ್ತು. 1989ರಲ್ಲೇ ಹೂಪ್ರೇಮಿಗಳು ಕುರಿಂಜಿ ಉಳಿಸಿ ಎಂದು ಕೊಡೈಕೆನಾಲ್‌ನಿಂದ ಮುನ್ನಾರಿಗೆ ಕಾಲ್ನಡಿಗೆಯಲ್ಲಿ ಬಂದಿದ್ದರು. ಹುಲ್ಲುಗಾವಲು ಚಹಾ ತೋಟ, ನೀಲಗಿರಿ, ವಾಟಲ್ ನೆಡುತೋಪುಗಳಿಗೆ ಸಂದು ಕರಗುತ್ತಿತ್ತು. ಹನ್ನೊಂದು ವರ್ಷ ಹೂವಿಲ್ಲದ ಪೊದೆಯನ್ನು ಪಾಳು ಎಂದು ಸವರಿಹಾಕುವುದು ಸುಲಭ. ಹೂವಿನ ಫೋಟೊ ಆಗ ಸಾಕ್ಷಿಯ ಕೆಲಸ ಮಾಡುತ್ತದೆ.

2018ರಲ್ಲಿ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇತ್ತು. ನಾನೂ ರಜೆ ಹಾಕಿದ್ದೆ. ಆಗಸ್ಟ್ 9ರಂದು ಇಡುಕ್ಕಿಯ ಚೆರುತೋಣಿ ಅಣೆಕಟ್ಟೆಯ ಗೇಟನ್ನು 26 ವರ್ಷಗಳ ನಂತರ ಎತ್ತಿದರು. 15ರಂದು ಕೊಚ್ಚಿ ವಿಮಾನ ನಿಲ್ದಾಣ ಮುಚ್ಚಿತು. ಏಲೂರು ಪೆರಿಯಾರ್ ಕವಲುಗಳ ನಡುವಿನ ನಡುಗಡ್ಡೆ; ಮುನ್ನಾರಿನ ಮುದಿರಪುಳ ಹೊಳೆ ಸೇರುವುದೂ ಪೆರಿಯಾರಿಗೇ. ನಾನು ನೋಡಹೊರಟಿದ್ದ ಬೆಟ್ಟದ ನೀರೇ ನಮ್ಮ ಬೀದಿಗೆ ಇಳಿದು ಬಂತು. ಅಕ್ಕಿ ಮೂಟೆ, ಕಾಗದಪತ್ರ, ಕ್ಯಾಮೆರಾ ಅಟ್ಟಕ್ಕೇರಿದವು. ನಾವು ಪರಿಹಾರ ಶಿಬಿರಕ್ಕೆ. ಮೇಲೆ ಗುಡ್ಡ ಕುಸಿದು ರಸ್ತೆಗಳು ಕಟ್ಟಿಹೋಗಿದ್ದವು. ಆ ನಡುವೆಯೇ ರಾಜಮಲೆಯಲ್ಲಿ ಹೂ ಅರಳಿತು. ನೋಡಬಂದವರು ಮಾತ್ರ ನಿರೀಕ್ಷೆಗಿಂತ ತೀರ ಕಡಿಮೆ.

ನಮ್ಮಲ್ಲೂ 2021ರಲ್ಲಿ ಕೊಡಗಿನ ಮಾಂದಲಪಟ್ಟಿ, 2022ರಲ್ಲಿ ಬಾಬಾಬುಡನ್‌ಗಿರಿ ನೀಲಿಯಾದವು. ಬಂದ ಚಿತ್ರಗಳಲ್ಲಿ ಹೂವಿನ ಮುಂದೆ ನಿಂತ ಮುಖಗಳೇ ಹೆಚ್ಚು. ಅದರಲ್ಲೇನೂ ತಪ್ಪಿಲ್ಲ. ಆದರೆ ಚರಿತ್ರೆಗೆ ಬೇಕಾಗುವುದು ಇನ್ನೊಂದು ಚಿತ್ರ: ಅದೇ ಬಂಡೆಯ ಮೇಲೆ ನಿಂತು, ಅದೇ ದಿಕ್ಕಿಗೆ, ಹುಲ್ಲು ಎಲ್ಲಿ ಮುಗಿದು ತೋಪು ಎಲ್ಲಿ ಶುರುವಾಗುತ್ತದೆಂದು ಕಾಣುವಂತೆ, ಹೂ ಇದ್ದ ವರ್ಷವೂ ಇಲ್ಲದ ವರ್ಷವೂ ತೆಗೆದದ್ದು. ಹಿಂದೆ ಹೂ ಬಂದಾಗ ಕ್ಯಾಮೆರಾ ತಯಾರಿರಲಿಲ್ಲ. ಮುನ್ನಾರಿನ ಸರದಿ ಮತ್ತೆ 2030ಕ್ಕೆ. ಆಗ ಕ್ಯಾಮೆರಾ ಖಂಡಿತ ತಯಾರಿರುತ್ತದೆ, ಬೆಟ್ಟವೂ ಇರಬೇಕಲ್ಲ.